ಕತ್ತಾಳೆಯ ಸುಳಿಗೆ ನೀರು

ಗಡಹಿಂಗ್ಲಜ
12 ಫೆಬ್ರವರಿ 2025

ಚಿ. ಮನಾಲಿಗೆ ನಿನ್ನ ಅವ್ವನ ತುಂಬು ಆಶೀರ್ವಾದ.

ಇಚಲಕರಂಜಿಯಿಂದ ನೀನು ಕಳಿಸಿದ ಸೀರೆ ಮುಟ್ಟಿ ತಿಂಗಳಾಯಿತು. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಫೋನಿನಲ್ಲಿ ಮಾತಾಡೋಣವೆಂದರೆ ನಿಮ್ಮ ಪಪ್ಪಾ ಪೇಪರಿನ ಹಿಂದೆ ಕಿವಿ ನಿಮಿರಿಸಿ ಕೂತಿರುತ್ತಾರೆ. ಅವರ ಮಾತು ಮೀರಿ ಅಮೋಲನನ್ನು ಮದುವೆಯಾಗಿ ನೀನು ಹೋದಂದಿನಿಂದ, ನಿನ್ನ ಹೆಸರು ಕಿವಿಗೆ ಬಿದ್ದರೆ ಸಾಕು, ಎದ್ದು ಹೋಗುತ್ತಾರೆ. ಅದಕ್ಕೇ ಈ ಕಾಗದ. ಅಳಿಯನ ಅಡುಗೆ ಚೆನ್ನಾಗಿದೆಯಂತೆ. ನೀನು ಒಲೆ ಮುಟ್ಟುತ್ತೀಯೋ ಇಲ್ಲವೋ?

ಇಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಿನ್ನ ಕತ್ತಾಳೆಗೆ ಏನೋ ಆಗಿದೆ. ಜಲ್ಲಿ, ಮರಳು, ಇಟ್ಟಿಗೆ ಚೂರು ಸುರಿದು ದಿಬ್ಬ ಮಾಡಿ ನೀನು ಅಂಗಳದಲ್ಲಿ ನೆಟ್ಟ ಗಿಡ. "ಅವ್ವಾ, ಇದನ್ನ ಭಾಳ ಪ್ರೀತಿ ಮಾಡಾಕ ಹೋಗಬ್ಯಾಡ, ನೀರು ಹೆಚ್ಚಾದ್ರ ಸಾಯ್ತೈತಿ" ಅಂದಿದ್ದೆ. ಮಳೆಗಾಲದಲ್ಲಿ ಮೇಲೆ ತಗಡು ಕಟ್ಟಿ ಕಾಪಾಡಿದೆ. ಈಗ ಹನಿ ಮಳೆಯಿಲ್ಲ, ಆದರೂ ಸುಳಿ ಮೆತ್ತಗಾಗಿದೆ, ಹತ್ತಿರ ಹೋದರೆ ನಾರುತ್ತದೆ. ಬುಡದ ಎಲೆಯೊಂದನ್ನು ಮುಟ್ಟಿದೆ, ಕೈಗೇ ಬಂತು.

ಯಾರೋ ನೀರು ಹಾಕುತ್ತಿದ್ದಾರೆ. ನನ್ನ ಅನುಮಾನ ನಿನ್ನ ಅಜ್ಜಿಯ ಮೇಲೆ. ಪಪ್ಪಾ ದಿನಾ ಬಸದಿಯಿಂದ ತರುವ ಅಭಿಷೇಕದ ಗಂಧೋದಕವನ್ನು ಹಣೆಗೆ, ಕಣ್ಣಿಗೆ ಹಚ್ಚಿಕೊಂಡು, ಉಳಿದದ್ದನ್ನು ಯಾರೂ ತುಳಿಯದ ಜಾಗಕ್ಕೇ ಹಾಕಬೇಕೆಂದು ಅಜ್ಜಿ ಹಟ ಹಿಡಿಯುವುದು ನಿನಗೆ ಗೊತ್ತಲ್ಲ. ಆ ಮುಳ್ಳಿನ ಬುಡವನ್ನು ಯಾರು ತುಳಿಯುತ್ತಾರೆ? ಕೇಳಿಯೇ ಬಿಟ್ಟೆ.

"ಯವ್ವಾ, ನನ್ನ ಮ್ಯಾಲ ಯಾಕ ಹಾಕ್ತಿ? ಅದರ ಹತ್ರ ಹೋದ್ರ ನನ್ನ ಸೀರಿ ಹರಿತೈತಿ!" ಅಂದವರು ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಒಂದು ಗಿಡಕ್ಕೆ ಇಷ್ಟೊಂದು ರಾದ್ಧಾಂತವೇ ಎನ್ನಬೇಡ. "ಮನಾಲಿಯ ಗಿಡ" ಎಂದಾಗ ಮಾತ್ರ ನಿಮ್ಮ ಪಪ್ಪಾ ಎದ್ದು ಹೋಗುವುದಿಲ್ಲ. ಈ ಮನೆಯಲ್ಲಿ ನಿನ್ನ ಹೆಸರೆತ್ತಲು ನನಗಿರುವ ನೆಪ ಅದೊಂದೇ. ಅದೂ ಹೋದರೆ ನಾನೇನು ಮಾಡಲಿ? ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ ಓಡಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಕಿಟಕಿಯ ಹಿಂದೆ ನಿಂತು ಕಳ್ಳರನ್ನು ಹಿಡಿದೇ ಈ ಲಕೋಟೆ ಅಂಟಿಸುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಜಿನೇಶ್ವರ ನಿಮ್ಮಿಬ್ಬರನ್ನೂ ತಂಪಾಗಿಟ್ಟಿರಲಿ.

ನಿನ್ನ ಅವ್ವ,
ಪ್ರಿಯದರ್ಶನಿ

ತಾ.ಕ.: ಕಳ್ಳರು ಸಿಕ್ಕರು. ಅಜ್ಜಿಯಲ್ಲ, ನಿಮ್ಮ ಪಪ್ಪಾ.

ಬಸದಿಯಿಂದ ಬಂದು ಅಜ್ಜಿಗೆ ಗಂಧೋದಕ ಕೊಟ್ಟು, ಬಟ್ಟಲು ಹಿಡಿದು ಅಂಗಳಕ್ಕೆ ಹೋದರು. ನೀನು ಕಾಲೇಜಿಗೆ ಹೊರಟಾಗ ನಿನ್ನ ನೆತ್ತಿಗೆ ಹಚ್ಚುತ್ತಿದ್ದರಲ್ಲ, ಹಾಗೆಯೇ ಬೆರಳು ಅದ್ದಿ ಕತ್ತಾಳೆಯ ಸುಳಿಗೆ ಹಚ್ಚಿದರು. ಆಮೇಲೆ ಬಟ್ಟಲನ್ನೇ ಬಗ್ಗಿಸಿದರು. "ಸಾವಕಾಶ ಹೋಗಿ ಬಾ, ಮನೂ" ಅಂದರು. ನೀನು ಮನೆ ಬಿಟ್ಟ ದಿನ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದ ಮನುಷ್ಯ! ನಾನು ಕಿಟಕಿ ಹಿಡಿದು ಅತ್ತುಬಿಟ್ಟೆ.

ನೀರು ಹಾಕಬೇಡಿ ಎನ್ನಲು ನನಗೆ ಬಾಯಿ ಬರುತ್ತಿಲ್ಲ. ಸುಮ್ಮನಿದ್ದರೆ ಗಿಡ ಉಳಿಯುವುದಿಲ್ಲ. ಕಾಗದ ಮುಟ್ಟಿದ ಕೂಡಲೇ ನೀನೇ ಅವರಿಗೆ ಫೋನ್ ಮಾಡು. ಬೇರೇನೂ ಬೇಡ, "ಪಪ್ಪಾ, ನನ್ನ ಗಿಡಕ್ಕ ನೀರು ಹಾಕಬ್ಯಾಡ್ರಿ" ಎಂದಷ್ಟೇ ಹೇಳು. ತಡಮಾಡಬೇಡ ಮಗಳೇ, ಸುಳಿ ಇನ್ನೂ ಪೂರ್ತಿ ಕೊಳೆತಿಲ್ಲ.