ಜೋಳದ ಗಡಿಗೆಯ ಲಿಂಗ

ಖಾನಾಪುರ, ನವೆಂಬರ್ ೧೯೨೬

ದಯಾಮಣಿ ಅಕ್ಕನವರಿಗೆ,

ನೀವು ತೀರಿಕೊಂಡ ಮೇಲೆ ನಮ್ಮ ಮೆಥಡಿಸ್ಟ್ ಸಭೆಯವರು ಹೆಂಗಸರ ಕ್ಲಾಸ್ ಮೀಟಿಂಗನ್ನು ನನಗೆ ಒಪ್ಪಿಸಿದ್ದಾರೆ. ಇಲ್ಲಿಯ ರೋಮನ್ ಕ್ರೈಸ್ತರು ತಮ್ಮ ಪಾಪವನ್ನು ಪಾದ್ರಿಯೊಬ್ಬರ ಕಿವಿಗೆ ಮಾತ್ರ ಹೇಳುತ್ತಾರೆ. ನಾವು ವಾರವಾರ ಚಾಪೆಯ ಮೇಲೆ ಕೂತು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ.

ಇಂದು, ಹೊಸದಾಗಿ ದೀಕ್ಷಾಸ್ನಾನವಾದ ಶಿವಲಿಂಗವ್ವನಿಗೆ, "ನಿನ್ನ ಆತ್ಮ ಹ್ಯಾಂಗ ಐತಿ?" ಎಂದು ಕೇಳಿದೆ.

ಅವಳು ತಲೆ ತಗ್ಗಿಸಿದಳು. "ಅವ್ವ ಕಟ್ಟಿದ ಲಿಂಗ ಇನ್ನೂ ಜ್ವಾಳದ ಗಡಿಗ್ಯಾಗ ಇಟ್ಟೀನ್ರಿ. ಒಗಿಯಾಕ ಮನಸ್ಸ ಬರವಲ್ದು."

ಎಂಟು ವರ್ಷದ ಹಿಂದೆ ಬೆಳಗಾವಿಯಲ್ಲಿ, ನೀವು ನಡೆಸುತ್ತಿದ್ದ ಕ್ಲಾಸಿನಲ್ಲಿ, ನಾನೂ ನಿಮಗೆ ಇದನ್ನೇ ಹೇಳಿದ್ದೆ. "ಇಲ್ಲಿ ಆಡಿದ್ದು ಇಲ್ಲೇ ಇರ್ತೈತಿ" ಎಂದು ನೀವು ನನ್ನ ಕೈ ಹಿಡಿದಿರಿ. ಮುಂದಿನ ಭಾನುವಾರ, ಮೊಣಕಾಲೂರಿದ್ದ ನನ್ನನ್ನು ದಾಟಿ ಪಾದ್ರಿಗಳು ಪಕ್ಕದವಳಿಗೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಕೊಟ್ಟರು. ಸಂಜೆ ಅವ್ವನ ಲಿಂಗವನ್ನೂ ಒಯ್ದರು. ಎಲ್ಲಿಗೆಂದು ನಾನು ಕೇಳಲಿಲ್ಲ.

ಪಾದ್ರಿಗಳಿಗೆ ವರದಿ ಕೊಡುವುದು ನಿಮ್ಮ ಕರ್ತವ್ಯವಾಗಿತ್ತು, ಒಪ್ಪುತ್ತೇನೆ. ಹಾಗಾದರೆ ಕೈ ಯಾಕೆ ಹಿಡಿದಿರಿ?

ನೀವಾಡಿದ ಆ ಮಾತನ್ನೇ ಇಂದು ಶಿವಲಿಂಗವ್ವನಿಗೆ ನಾನು ಹೇಳಿದೆ. ಹೊರಗೆ ಬಂದಾಗ ಇಲ್ಲಿಯ ಪಾದ್ರಿಗಳು ಬಾಗಿಲಲ್ಲಿ ನಿಂತಿದ್ದರು.

"ಹೊಸಾಕಿ ಹ್ಯಾಂಗ ಅದಾಳ, ಸುಗುಣವ್ವಾ?"

"ಚಲೋ ಅದಾಳ್ರಿ," ಅಂದೆ.

ಅಕ್ಕಾ, ಇಷ್ಟೇ ಮಾತು ಅವತ್ತು ನಿಮ್ಮ ಬಾಯಿಂದ ಬಂದಿದ್ದರೆ ಸಾಕಿತ್ತು.