ನಂಜು ತಗುಲದ ಸಾಲು

ದಂಡಿನಶಿವರ
ನವೆಂಬರ್ 1997

ಅವ್ವನಿಗೆ ವನಜಾಕ್ಷಿಯ ನಮಸ್ಕಾರಗಳು.

ಗಡಿಗೆಯಲ್ಲಿ ಉಳಿದಿರುವ ಅವರೆ ಬೀಜವನ್ನು ಸಾರಿಗೆ ಹಾಕಬೇಡ. ಇಲ್ಲಿ ಅವರೆಗೆಲ್ಲ ನಂಜು ರೋಗ ತಗುಲಿ, ಎಲೆಗಳು ಹಳದಿಗೆ ತಿರುಗಿ ಮುದುಡಿವೆ. ಬಿಳಿನೊಣದಿಂದ ಹರಡುತ್ತದಂತೆ, ಔಷಧಿ ಇಲ್ಲವಂತೆ. "ಎಲ್ಲಾ ಕಿತ್ತಾಕ್ಬುಡವ್ವ" ಎಂದರು ಮಾವ. ತೆಂಗಿನ ಸಾಲಿನ ನಡುವೆ ಗಿಡ ಕೀಳುತ್ತಾ ಹೋದವಳು ನಿಂತುಬಿಟ್ಟೆ. ನೀನು ಕೊಟ್ಟ ಬೀಜದ ಸಾಲಿನಲ್ಲಿ ಒಂದು ಎಲೆಯೂ ಕೆಟ್ಟಿಲ್ಲ ಅವ್ವ, ಮೈತುಂಬ ಹೂವಿದೆ. ಓಡಿಹೋಗಿ ಮಾವನನ್ನು ಕರೆತಂದೆ. ಎಲೆಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ನಿಮ್ಮವ್ವನ ಬೀಜ ಗಟ್ಟಿ ಕಣವ್ವ" ಎಂದರು.

ಮದುವೆಯಲ್ಲಿ ಅವರು ಆಡಿದ ಮಾತಿಗೆ ನೊಂದು ನೀನು ಈ ಮನೆಯ ಹೊಸಿಲು ತುಳಿಯಲೇ ಇಲ್ಲ. ಈಗ ಅವರೇ, "ಬೀಗಿತೀರು ಬಂದು ಒಂದ್ಸಲ ತೋಟ ನೋಡ್ಲಿ, ಕರಿಸವ್ವ" ಎನ್ನುತ್ತಿದ್ದಾರೆ. ಬೇಗ ಬಾ. ಬಸ್ಸಿನ ಹತ್ತಿರ ಮಾವನೇ ಬಂದು ನಿಂತಿರುತ್ತಾರಂತೆ.

ನಿನ್ನ ಮಗಳು,
ವನಜ