ಮುಂದಿನ ಸಾಲಿನ ಕಲ್ಲು

ಆಸ್ಪತ್ರೆ ಲಾಂಡ್ರಿಯ ಹಿಂದಿನ ಮನೆ,
ಭಾನುವಾರ ಸಂಜೆ

ನನ್ನ ಮುದ್ದು ಚಿಕ್ಕೂ,

ಹೇಗಿದ್ದೀಯಪ್ಪಾ? ಕೆಮ್ಮು ಹೋಯಿತೋ ಇಲ್ಲವೋ? ಅಮ್ಮನ ಸಮಾಧಾನಕ್ಕೆ ಹೋಯಿತು ಎಂದು ಬರೆದುಬಿಡಬೇಡ, ನಿಜ ಬರೆ. ಹೊಸ ಬೂಟು ಕಚ್ಚಿ ಹಿಮ್ಮಡಿ ಸುಲಿದಿದೆ ಎಂದಿದ್ದೆ. ಎರಡು ಜೊತೆ ಕಾಲುಚೀಲ ಹಾಕಿಕೋ, ನಾಚಿಕೆಪಡಬೇಡ, ಬೂಟಿನೊಳಗೆ ಯಾರೂ ಇಣುಕುವುದಿಲ್ಲ. ನಾನು ಗುಂಡುಕಲ್ಲಿನ ಹಾಗಿದ್ದೇನೆ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಲಾಂಡ್ರಿಯ ದೊಡ್ಡ ಯಂತ್ರ ಮತ್ತೆ ಕೆಟ್ಟಿದೆ. ವಾರ್ಡಿನ ಹೊದಿಕೆಗಳನ್ನೆಲ್ಲ ಕೈಯಲ್ಲೇ ಹಿಂಡುತ್ತಿದ್ದೇವೆ. ರಿಪೇರಿಯವನು ಇವತ್ತು ಬರ್ತಾನೆ, ನಾಳೆ ಬರ್ತಾನೆ ಎನ್ನುವುದೇ ನಮ್ಮ ಮೇಲ್ವಿಚಾರಕಿಯ ಕೆಲಸ.

ನಿನ್ನ ಪ್ರಶ್ನೆ ಮರೆತಿಲ್ಲ. ಮುಂದಿನ ತಿಂಗಳು ಸೈನ್ಯದಲ್ಲಿ ನಿನ್ನ ಸೇವೆಯ ಅವಧಿ ಮುಗಿಯುತ್ತದೆ, ಇನ್ನೂ ಐದು ವರ್ಷಕ್ಕೆ ಸಹಿ ಹಾಕಲೋ, ಮನೆಗೆ ಬರಲೋ, ‘ನೀನೇ ಹೇಳಮ್ಮಾ’ ಎಂದು ಕೇಳಿದ್ದೀಯ. ಹೇಳುತ್ತೇನೆ. ಮೊದಲು ಇವತ್ತಿನ ಕಥೆ ಕೇಳು, ಹೊಟ್ಟೆಯಲ್ಲೇ ಇಟ್ಟುಕೊಂಡರೆ ನನಗೆ ನಿದ್ದೆ ಬರುವುದಿಲ್ಲ.

ಇವತ್ತು ಸೈನಿಕರ ಸಮಾಧಿಗಳಿಗೆ ನಮನ ಸಲ್ಲಿಸುವ ದಿನ. ನಿನ್ನ ಅಣ್ಣ ದೊಡ್ಡು ಹೋದಮೇಲೆ ನಾನು ಒಂದು ವರ್ಷವೂ ತಪ್ಪಿಸಿದವಳಲ್ಲ. ಯಾವಾಗಲೂ ಒಂದು ಬಕೆಟ್ಟು, ಒಂದು ಬ್ರಷ್ಷು ಹಿಡಿದು ಹೋಗಿ ದೊಡ್ಡುವಿನ ಕಲ್ಲು ತೊಳೆದು, ಅವನೊಂದಿಗೆ ಒಂದಿಷ್ಟು ಜಗಳವಾಡಿ ಬರುತ್ತೇನೆ. ಇದ್ದಾಗ ಸ್ನಾನ ಮಾಡೋ ಎಂದರೆ ಮನೆಯೆಲ್ಲ ಓಡಾಡಿಸುತ್ತಿದ್ದ ಪುಣ್ಯಾತ್ಮ, ಈಗ ತಣ್ಣಗೆ ಮೈ ಉಜ್ಜಿಸಿಕೊಳ್ಳುತ್ತಾನೆ. ಆದರೆ ಈ ಸಲ ಯಾರೋ ದೊಡ್ಡ ಅತಿಥಿ ಬರುತ್ತಾರಂತೆ, ಗೇಟಿನಲ್ಲೇ ತಡೆದರು. ಎದೆಗೆ ಬಿಲ್ಲೆ ಚುಚ್ಚಿಕೊಂಡಿದ್ದ ಒಬ್ಬ, ‘ಬಕೆಟ್ಟು ಇಲ್ಲೇ ಇಡಿ ತಾಯಿ, ಫೋಟೋದಲ್ಲಿ ಬೀಳುತ್ತೆ’ ಎಂದ. ಒಳಗೆ ನೋಡಿದರೆ ಮುಂದಿನ ಸಾಲಿನ ಕಲ್ಲುಗಳಿಗೆಲ್ಲ ಸುಣ್ಣದಂಥ ಬಿಳಿ ಬಣ್ಣ ಬಳಿದಿದ್ದಾರೆ, ಇನ್ನೂ ಒಣಗಿಲ್ಲ. ಹಿಂದಿನ ಸಾಲುಗಳಲ್ಲಿ ಮೊಣಕಾಲೆತ್ತರ ಕಳೆ. ಒಬ್ಬ ಕ್ಯಾಮೆರಾದವನು ಒಂದು ಸಮಾಧಿಯ ಮೇಲೆ ಕಾಲು ಚಾಚಿ ಕೂತು ಏನೋ ಮೆಲ್ಲುತ್ತಿದ್ದ. ಥೂ!

ನಾನು ಹಿಂದಕ್ಕೆ, ನಿಮ್ಮಣ್ಣನ ಕಡೆಗೆ ಹೊರಟೆ. ಬಿಲ್ಲೆಯವನು ಓಡಿಬಂದು ಅಡ್ಡ ನಿಂತ. ‘ಹಿಂದೆ ಯಾರೂ ಹೋಗ್ಬೇಡಿ, ಕಾರ್ಪೆಟ್ಟು ಮುಂದಿನ ಸಾಲಿಗಷ್ಟೇ ಸಾಕಾಗಿದೆ, ಅತಿಥಿಗಳು ಕೆಸರಿಗೆ ಇಳಿಯಲ್ಲ.’ ಮುಂದಿನ ಸಾಲು ಹಳೇ ಯುದ್ಧದವರದ್ದು, ಅವರ ಮನೆಯವರೂ ಎಂದೋ ತೀರಿಹೋಗಿದ್ದಾರೆ. ಖಾಲಿ ಕಲ್ಲುಗಳ ಮುಂದೆ ಫೋಟೋ ಬರುವುದಿಲ್ಲವಲ್ಲ, ಅದಕ್ಕೆ ಹಿಂದಿನ ಸಾಲಿನ ತಾಯ್ತಂದೆಯರನ್ನು ತಂದು ಒಂದೊಂದು ಕಲ್ಲಿಗೆ ಒಬ್ಬೊಬ್ಬರಂತೆ ನಿಲ್ಲಿಸಿದರು. ನಮ್ಮನ್ನು ಕೇಳಿದವರು ಯಾರು? ಮೂಗಿಗಿಂತ ಮೂಗುತಿ ಭಾರ. ನನ್ನ ಪಾಲಿಗೆ ಬಂದ ಹುಡುಗ ನಮ್ಮಮ್ಮನ ಮದುವೆಗೂ ಮುಂಚೆ ಸತ್ತವನು ಕಣೋ! ಅವನನ್ನು ಹೆರಬೇಕಿದ್ದರೆ ನಾನು ನನ್ನಜ್ಜಿಯ ವಾರಿಗೆಯವಳಾಗಿರಬೇಕಿತ್ತು. ಪಕ್ಕದ ಕಲ್ಲಿಗೆ ನಿಂತಿದ್ದವರು ನಿವೃತ್ತ ಬಸ್ ಡ್ರೈವರು, ಅವರ ಮಗನೂ ದೊಡ್ಡುವಿನ ಸಾಲಿನಲ್ಲೇ ಇದ್ದಾನೆ. ‘ನೋಡಿದ್ರಾ ತಾಯಿ, ನನಗೆ ನನ್ನಪ್ಪನಿಗಿಂತ ಹಿರಿಯ ಮಗ ಸಿಕ್ಕಿದ್ದಾನೆ’ ಎಂದು ಮೆಲ್ಲಗೆ ಹೇಳಿದರು. ನಕ್ಕುಬಿಟ್ಟೆ. ಎಂಥ ಜಾಗದಲ್ಲಿ ನಗಿಸಿದರು ನೋಡು.

ಅತಿಥಿ ಬಂದರು. ಮೌನಾಚರಣೆಯ ಕಹಳೆಯನ್ನು ಮೊಬೈಲಿನಲ್ಲಿ ಹಾಕಿದ್ದರು, ನಡುವೆ ಯಾವುದೋ ಸೋಪಿನ ಜಾಹೀರಾತು ಹಾಡಿತು. ಮೌನವೂ ಅಲ್ಲಿಗೇ ಮುಗಿಯಿತು, ಅವರಿಗೆ ಇನ್ನೊಂದು ಸಮಾರಂಭಕ್ಕೆ ಹೊತ್ತಾಗಿತ್ತಂತೆ. ಅತಿಥಿ ನನ್ನ ಹತ್ತಿರ ಬಂದು, ಕಲ್ಲಿನ ಮೇಲಿನ ಹೆಸರು ಓದಿ, ನನ್ನ ಭುಜದ ಮೇಲೆ ಕೈಯಿಟ್ಟು, ‘ನಿಮ್ಮ ಮಗ ನಮ್ಮೆಲ್ಲರ ಮಗ ತಾಯಿ’ ಎಂದರು. ನಾನು ಸುಮ್ಮನಿರುವವಳೇ? ‘ಇವ್ನು ನನ್ನ ಮಗ ಅಲ್ಲ ಸ್ವಾಮಿ, ನನ್ನ ಮಗ ಹಿಂದೆ ಆ ಕಳೆಯಲ್ಲಿದ್ದಾನೆ’ ಎಂದೆ. ಆ ಮನುಷ್ಯ ಕಣ್ಣು ಅರ್ಧ ಮುಚ್ಚಿ, ‘ಅರ್ಥ ಆಗುತ್ತೆ ತಾಯಿ, ದುಃಖ ಹೆಚ್ಚಾದ್ರೆ ಹೀಗೇ ಆಗುತ್ತೆ’ ಎಂದು ತಲೆ ಸವರಿದರು. ಕ್ಯಾಮೆರಾದವನು, ‘ಅಮ್ಮಾ, ಸ್ವಲ್ಪ ಈ ಕಡೆ ತಿರುಗಿ ಅಳಿ’ ಎಂದ. ನನಗೆ ಅಳು ಎಲ್ಲಿಂದ ಬರಬೇಕು? ವಾರ್ಡಿನಿಂದ ಬರುವ ಎಂತೆಂಥ ಬಟ್ಟೆಗಳನ್ನೋ ಈ ಕೈಯಿಂದ ಒಗೆದಿದ್ದೇನೆ, ಇಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

ಅವರ ಕಾರು ತಿರುವು ದಾಟುವ ಮೊದಲೇ ಕಾರ್ಪೆಟ್ಟು ಸುತ್ತಿದರು, ಸಮಾಧಿಗಳ ಮೇಲಿಟ್ಟ ಹೂಗುಚ್ಛಗಳನ್ನು ಬಾಚಿ ವ್ಯಾನಿಗೆ ತುಂಬಿದರು. ಮುಂದಿನ ಸಮಾರಂಭಕ್ಕೂ ಅವೇ ಹೂವಂತೆ. ಸತ್ತವರ ಎದೆಯ ಮೇಲಿನ ಹೂವು ಕಣೋ! ನಾಚಿಕೆಗೆಟ್ಟವರು. ನಾನು ಬಕೆಟ್ಟು ತಂದು ದೊಡ್ಡುವಿನ ಹತ್ತಿರ ಹೋಗಿ ಕಳೆ ಕಿತ್ತೆ, ಅಕ್ಷರದ ಸಂದಿಯಲ್ಲಿ ಕೂತಿದ್ದ ಪಾಚಿಯನ್ನು ತಲೆಪಿನ್ನಿನಿಂದ ಕೆರೆದೆ. ಡ್ರೈವರು ನೀರು ಹೊತ್ತು ತಂದುಕೊಟ್ಟರು. ಇವತ್ತು ದೊಡ್ಡುವಿನೊಂದಿಗೆ ಜಗಳವಾಡಲು ಮನಸ್ಸಾಗಲಿಲ್ಲ. ಹೊರಡುವಾಗ ಮುಂದಿನ ಸಾಲಿನ ಆ ಹುಡುಗನ ಹತ್ತಿರವೂ ಒಂದು ಗಳಿಗೆ ನಿಂತೆ. ಅವನದೇನು ತಪ್ಪು, ಅವನಿಗೂ ಒಬ್ಬಳು ತಾಯಿ ಇದ್ದಳು.

ಸರಿ, ನಿನ್ನ ಪ್ರಶ್ನೆಗೆ ಬರುತ್ತೇನೆ. ನಾನು ಮಕ್ಕಳ ದಾರಿಗೆ ಅಡ್ಡ ಬರುವ ತಾಯಿಯಲ್ಲ. ನಿಮ್ಮಣ್ಣನಿಗೂ ಬರಲಿಲ್ಲ, ನಿನಗೂ ಬರುವುದಿಲ್ಲ. ಕೆಲಸ ನಿನ್ನದು, ಜೊತೆಗಾರರು ನಿನ್ನವರು, ಇವತ್ತು ಕಂಡ ಬಿಲ್ಲೆಯವರಿಗೂ ಅವರಿಗೂ ಸಂಬಂಧವಿಲ್ಲ ಎಂಬುದು ನನಗೂ ಗೊತ್ತು. ನಿನಗೆ ಸರಿ ಕಂಡಂತೆ ಮಾಡು, ಕಂದಾ. ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ತಣ್ಣಗಿರು. ನಿನ್ನ ಜೊತೆಯ ಹುಡುಗರಿಗೂ ಈ ಮುದುಕಿಯ ಹರಕೆ ತಿಳಿಸು.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ರಾತ್ರಿ ಲಕೋಟೆ ಅಂಟಿಸಿದವಳು ಸೋಮವಾರ ಬೆಳಗ್ಗೆ ಮತ್ತೆ ಹರಿದು ಬರೆಯುತ್ತಿದ್ದೇನೆ, ಅಂಚೆಗೆ ಹೊತ್ತಾಯಿತು. ನಿನ್ನೆ ನಾನು ಗೇಟು ದಾಟುವಾಗ ಬಿಲ್ಲೆಯವನು ಹಿಂದೆಯೇ ಓಡಿಬಂದ, ನನ್ನನ್ನು ಸಮಾಧಾನ ಮಾಡಬೇಕೆಂದಿರಬೇಕು. ‘ನಿಮ್ಮ ಚಿಕ್ಕ ಮಗನೂ ಸೈನ್ಯದಲ್ಲಿದ್ದಾನಂತಲ್ಲ ತಾಯಿ, ಅಣ್ಣನ ಪಕ್ಕದ ಜಾಗ ಅವನಿಗೆ ಅಂತ ಖಾಲಿ ಇಟ್ಟಿದ್ದೀವಿ, ಬೇರೆ ಯಾರಿಗೂ ಕೊಡಲ್ಲ’ ಎಂದ. ಬಸ್ಸಿನಲ್ಲಿ ಟವೆಲು ಹಾಕಿ ಸೀಟು ಹಿಡಿದವರ ಹಾಗೆ, ಹಲ್ಲು ಕಿರಿದು. ನಾನು ಥ್ಯಾಂಕ್ಸ್ ಎಂದೆ. ಬಾಯಿ ತಪ್ಪಿ ಅಂದುಬಿಟ್ಟೆ ಕಣೋ, ಆಗಿನಿಂದ ನನ್ನ ಬಾಯಿಯ ಮೇಲೇ ನನಗೆ ಅಸಹ್ಯ. ಮೇಲೆ ಬರೆದದ್ದೆಲ್ಲ ಸುಳ್ಳು. ಅಡ್ಡ ಬರುತ್ತೇನೆ. ಸಹಿ ಹಾಕಬೇಡ, ಮನೆಗೆ ಬಾ. ಆ ಜಾಗದಲ್ಲಿ ಹುಲ್ಲು ಬೆಳೆಯಲಿ.